ಗೇಟಿಗೊಂದು ಕೆಂಪು ಹೂ

ಅಕ್ಟೋಬರ್ 19, ಭಾನುವಾರ

ಹೂವಿನ ಗಡ್ಡೆಗಳು ಬಂದು ಬಿದ್ದಿವೆ. ಪ್ರತಿ ವರ್ಷದಂತೆ ಹಾಲೆಂಡಿನಿಂದ, ರಟ್ಟಿನ ಪೆಟ್ಟಿಗೆಯಲ್ಲಿ, ಮರದ ಹೊಟ್ಟಿನ ನಡುವೆ. ಈ ಸಲ ಬೇಡವೆಂದು ತಿಳಿಸಲು ಮರೆತಿದ್ದೆ. ನನ್ನ ಹೆಂಡತಿ ಗುನ್ನೆಲ್ ಪೆಟ್ಟಿಗೆಯನ್ನು ಅಡುಗೆಮನೆಯ ಮೇಜಿನ ನಟ್ಟನಡುವೆ ಇಟ್ಟು ಕೆಲಸಕ್ಕೆ ಹೋದಳು. ತಟ್ಟೆ ಇಟ್ಟುಕೊಳ್ಳಲೂ ಜಾಗವಿಲ್ಲ. ಬೇಕೆಂದೇ ಹಾಗೆ ಮಾಡಿದ್ದಾಳೆ.

ಯಾರಿಗೆ ಕೊಡಲಿ ಈ ಹೂಗಳನ್ನು, ಯಾಕೆ ಕೊಡಲಿ? ಇಷ್ಟು ವರ್ಷ ಕೊಟ್ಟಿದ್ದಕ್ಕೆ ಕಾರಣವಿತ್ತು. ಹಿಮ ತಳ್ಳುವ ಲಾರಿ ಓಡಿಸುವವನನ್ನು ಯಾರೂ ಪ್ರೀತಿಸುವುದಿಲ್ಲ. ರಸ್ತೆಯ ಹಿಮವನ್ನು ಅಂಚಿಗೆ ತಳ್ಳುತ್ತ ಹೋದರೆ ಅದು ಜನರ ಗೇಟಿನ ಮುಂದೆ ಗೋಡೆಯಾಗಿ ನಿಲ್ಲುತ್ತದೆ. ಅವರು ಆಗಷ್ಟೇ ಅಗೆದು ಚೊಕ್ಕಟ ಮಾಡಿರುತ್ತಾರೆ, ನಾನು ಮತ್ತೆ ತುಂಬಿಸಿ ಹೋಗುತ್ತೇನೆ. ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಅದಕ್ಕೇ ಕ್ರಿಸ್ಮಸ್ಸಿಗೆ ನಾಲ್ಕು ವಾರ ಮುಂಚಿನ ಆಡ್ವೆಂಟ್ ಭಾನುವಾರ ಬಂದಾಗ ನಮ್ಮ ರಸ್ತೆಯ ಪ್ರತಿ ಮನೆಯ ಗೇಟಿನ ಬಳಿ ಒಂದೊಂದು ಅಮರಿಲ್ಲಿಸ್ ಕುಂಡ, ಪತ್ರಿಕೆಯಲ್ಲಿ ದಪ್ಪಗೆ ಸುತ್ತಿ ಇಟ್ಟು, ಹಾರ್ನ್ ಮಾಡಿ ಹೋಗಿಬಿಡುತ್ತಿದ್ದೆ. ಇಳಿದು ಮಾತಾಡಿದ್ದಿಲ್ಲ. ಕೊಟ್ಟಿದ್ದು ಆಯಿತು, ಬೈಗುಳ ತೀರಿತು ಅಂದುಕೊಳ್ಳುತ್ತಿದ್ದೆ.

ಈಗ ಲಾರಿಯೇ ಇಲ್ಲ. ಸೆಪ್ಟೆಂಬರಿನಲ್ಲಿ ಕಾಫಿ ಕುಡಿಯುತ್ತ ಕುಳಿತವನು ನೆಲಕ್ಕೆ ಬಿದ್ದೆ, ಕೈಕಾಲು ಎಳೆಯಿತಂತೆ, ನನಗೇನೂ ನೆನಪಿಲ್ಲ. ಒಂದು ಸಲ ಮೂರ್ಛೆ ಬಂದವನ ಕೈಗೆ ಭಾರಿ ಗಾಡಿ ಕೊಡುವುದಿಲ್ಲ ಎಂದು ಡಾಕ್ಟರು ಹೇಳಿದರು. ಕಾರೂ ಸದ್ಯಕ್ಕೆ ಬೇಡ. ನನಗೆ ಅರವತ್ತೊಂದು. ಲೈಸೆನ್ಸ್ ಮತ್ತೆ ಕೊಡುವ ಹೊತ್ತಿಗೆ ನಾನು ಬೇರೆಯವರ ಭುಜ ಹಿಡಿದು ನಡೆಯುತ್ತಿರುತ್ತೇನೆ.

ಅಕ್ಟೋಬರ್ 23

ಕೊನೆಗೂ ನೆಟ್ಟೆ. ತಟ್ಟೆ ಇಡಲು ಜಾಗ ಬೇಕಿತ್ತಲ್ಲ.

ಪ್ರತಿ ವರ್ಷ ನೆಡುವುದು ಮಾತ್ರ ನಾನು. ಅಷ್ಟರಲ್ಲಿ ಹಿಮ ಶುರುವಾಗುತ್ತಿತ್ತು, ಉಳಿದದ್ದೆಲ್ಲ ಗುನ್ನೆಲ್‌ಳ ಪಾಲು. ಗಡ್ಡೆ ಕೈಯಲ್ಲಿ ಹಿಡಿದರೆ ಈರುಳ್ಳಿಯ ಅಪ್ಪನ ಹಾಗಿದೆ, ಭಾರ, ಕಂದು ಸಿಪ್ಪೆ ಉದುರುತ್ತದೆ. ಕೆಳಗೆ ಒಣಗಿದ ಬೇರು, ಸತ್ತ ಜೇಡದ ಕಾಲುಗಳಂತೆ. ಗಡ್ಡೆಯ ಅರ್ಧ ಭಾಗ ಮಣ್ಣಿನ ಮೇಲೆ ಉಳಿಯಬೇಕು, ಕುಂಡ ಗಡ್ಡೆಗಿಂತ ಸ್ವಲ್ಪವೇ ದೊಡ್ಡದಿರಬೇಕು, ನೀರು ಬೆಚ್ಚಗಿರಬೇಕು ಮತ್ತು ಕಡಿಮೆ. ಕಿಟಕಿಗಳ ಮೇಲೆ, ಒಲೆಯ ಪಕ್ಕದ ಹಲಗೆಯ ಮೇಲೆ, ಮಲಗುವ ಕೋಣೆಯಲ್ಲಿ, ಎಲ್ಲ ಕಡೆ ಸಾಲಾಗಿ ಇಟ್ಟೆ. ಮನೆ ತುಂಬ ಮಣ್ಣಿನ ವಾಸನೆ.

ಹೊಸ ಡ್ರೈವರ್ ಹೆಸರು ಸಿಗ್ನೆಯಂತೆ. ಹೆಣ್ಣು. ಪೇಟೆಯ ಕಡೆಯವಳು, ಮೊದಲು ಬಸ್ಸು ಓಡಿಸುತ್ತಿದ್ದಳಂತೆ. ಗುನ್ನೆಲ್ ಹೇಳಿದಳು. ನಾನು ಕೇಳಿರಲಿಲ್ಲ.

ಅಕ್ಟೋಬರ್ 30

ಹಿಮ ಚೆನ್ನಾಗಿಯೇ ಬಿತ್ತು. ಬೆಳಿಗ್ಗೆ ಲಾರಿ ಹೋಯಿತು. ಸದ್ದಿನಲ್ಲೇ ಗೊತ್ತಾಗುತ್ತದೆ, ವೇಗ ಜಾಸ್ತಿ. ತಿರುವಿನಲ್ಲಿ ಹಿಮ ತಳ್ಳುವ ಅಲಗನ್ನು ಎತ್ತಿಬಿಟ್ಟಳು. ಅಲ್ಲಿ ಎತ್ತಬಾರದು. ಎತ್ತಿದರೆ ಅಡಿಯಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಫೆಬ್ರವರಿಯವರೆಗೂ ಕರಗುವುದಿಲ್ಲ.

ನನಗೇನಂತೆ.

ನವೆಂಬರ್ 5

ಕುಂಡಗಳಲ್ಲಿ ಏನೂ ಇಲ್ಲ. ಹೊರಗೂ ಏನೂ ಇಲ್ಲ.

ನವೆಂಬರ್ 9, ಭಾನುವಾರ

ಒಂದರಲ್ಲಿ ತುದಿ ಕಾಣಿಸಿದೆ.

ಒಲೆಯ ಪಕ್ಕದ್ದರಲ್ಲಿ. ಗಡ್ಡೆಯ ಬಾಯಿಂದ ಹಸಿರು ನಾಲಿಗೆಯೊಂದು ಇಷ್ಟೇ ಇಷ್ಟು ಹೊರಗೆ ಬಂದಿದೆ, ಅಂಚು ನಸುಗೆಂಪು. ನಿನ್ನೆ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಎಷ್ಟೋ ವರ್ಷಗಳಿಂದ ಈ ಹೂಗಳನ್ನು ಜನರಿಗೆ ಕೊಟ್ಟಿದ್ದೇನೆ, ಇದು ಹೊರಬರುವುದನ್ನು ಒಮ್ಮೆಯೂ ನೋಡಿಲ್ಲ. ನಾನು ಮನೆಗೆ ಬರುವುದು ಮಲಗಲು, ಏಳುವುದು ಲಾರಿ ಹತ್ತಲು. ಯಾವಾಗಲೋ ಒಂದು ದಿನ ಕಿಟಕಿಯಲ್ಲಿ ಹೂ ನಿಂತಿರುತ್ತಿತ್ತು, ಅಂಗಡಿಯಿಂದ ತಂದಿಟ್ಟ ಹಾಗೆ.

ಗುನ್ನೆಲ್‌ಗೆ ತೋರಿಸಿದೆ. ಅವಳು ಕೋಟು ಬಿಚ್ಚುತ್ತ, "ಅದು ಪ್ರತಿ ವರ್ಷ ಹಂಗೇ ಬರುತ್ತೆ ಮಾರಾಯ" ಅಂದಳು. ಆಮೇಲೆ ಒಂದು ಕಾಲಲ್ಲಿ ಬೂಟು ಇದ್ದ ಹಾಗೆಯೇ ಬಂದು ಬಗ್ಗಿ ನೋಡಿದಳು.

ನವೆಂಬರ್ 13

ನಂಬಲಾಗದ ಸಂಗತಿ. ಕುಂಡದಲ್ಲಿ ಒಂದು ಕಡ್ಡಿ ನೆಟ್ಟು ಪೆನ್ಸಿಲಿನಿಂದ ಗುರುತು ಹಾಕಿದ್ದೆ. ಬೆಳಿಗ್ಗೆಯ ಕಾಫಿಯಿಂದ ಸಂಜೆಯ ಸುದ್ದಿಯ ಹೊತ್ತಿಗೆ ದಂಟು ಬೆರಳಿನಗಲ ಮೇಲೆ ಹೋಗಿದೆ. ಹೊರಗೆ ಬೆಳಕು ಅನ್ನುವುದು ದಿನಕ್ಕೆ ಐದಾರು ತಾಸು ಕೂಡ ಇಲ್ಲ. ಗೊಬ್ಬರ ಹಾಕಿಲ್ಲ, ಒಂದು ಲೋಟ ನೀರು ಕೊಟ್ಟಿದ್ದೇನಷ್ಟೆ. ಯಾವುದನ್ನು ತಿಂದು ಇಷ್ಟು ಎತ್ತರ ಹೋಗುತ್ತಿದೆ? ಎಲ್ಲ ಆ ಗಡ್ಡೆಯೊಳಗೇ ಇತ್ತಂತೆ. ಹೂ ಕೂಡ ಹೋದ ಬೇಸಿಗೆಯಲ್ಲೇ ಒಳಗೆ ತಯಾರಾಗಿ ಮಡಿಚಿಕೊಂಡು ಕೂತಿರುತ್ತದಂತೆ, ಗುನ್ನೆಲ್ ಎಲ್ಲೋ ಓದಿದ್ದಾಳೆ. ನಾನು ಪೆಟ್ಟಿಗೆ ಒಡೆದು ಬೈದುಕೊಂಡು ನೆಟ್ಟೆನಲ್ಲ, ಆಗಲೂ ಒಳಗೆ ಇತ್ತು.

ದಂಟುಗಳು ಕಿಟಕಿಯ ದೀಪದ ಕಡೆ ವಾಲುತ್ತವೆ. ದಿನವೂ ಕುಂಡ ತಿರುಗಿಸಿ ಇಡುತ್ತೇನೆ. ಮರುದಿನ ಮತ್ತೆ ವಾಲಿರುತ್ತವೆ, ಕುತ್ತಿಗೆ ಚಾಚಿ.

ನವೆಂಬರ್ 17

ಸಿಗ್ನೆ ಬಂದಿದ್ದಳು. ತಿರುವಿನಲ್ಲಿ ಲಾರಿ ಜಾರಿ ಚರಂಡಿಗೆ ಇಳಿದಿದೆ, ಎಳೆಯಲು ಟ್ರ್ಯಾಕ್ಟರ್ ಬರುವವರೆಗೆ ಕೂರಬಹುದೇ ಎಂದು ಕೇಳಿದಳು. ಮೂವತ್ತೈದರ ಆಸುಪಾಸು, ಗಟ್ಟಿಮುಟ್ಟು ಹೆಂಗಸು, ಕೆನ್ನೆ ಕೆಂಪಗೆ. ಕಾಫಿ ಕೊಟ್ಟೆ. ನಮ್ಮ ಕಡೆಯವರ ಹಾಗೆ ಚೀಸಿನ ತುಂಡುಗಳನ್ನು ಕಾಫಿಯಲ್ಲಿ ಮುಳುಗಿಸಿ ತಿಂದಳು, ಪೇಟೆಯವಳಾದರೂ ಅದು ಗೊತ್ತಿದೆ.

ತಿರುವಿನಲ್ಲಿ ಅಲಗು ಎತ್ತುತ್ತೀಯಲ್ಲ, ಅದಕ್ಕೇ ಜಾರಿದ್ದು ಎಂದೆ. ಹಾಗಾದರೆ ಹೇಗೆ ಮಾಡಬೇಕು ಎಂದು ನೇರವಾಗಿ ಕೇಳಿದಳು. ಓಡಿಸುತ್ತ ಕಲಿತುಕೋ, ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ ಅಂದುಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. ದಂಟುಗಳನ್ನು ನೋಡುತ್ತ, "ಎರ್ಲಾಂಡ್ ಹೇಳ್ತಿದ್ರು, ನಿಮ್ಮ ಕಾಲದಲ್ಲಿ ಅವರ ಗೇಟಿನ ಮುಂದೆ ಈಗಿನದಕ್ಕಿಂತ ದೊಡ್ಡ ಹಿಮದ ಗುಡ್ಡ ಇರ್ತಿತ್ತಂತೆ. ನಾನೇ ವಾಸಿಯಂತೆ" ಅಂದಳು.

ಎರ್ಲಾಂಡ್ ನಮ್ಮ ರಸ್ತೆಯಲ್ಲೇ ಬಾಯಿ ಜೋರು ಇರುವ ಮುದುಕ. ಅವನು ಅಂದಿರುತ್ತಾನೆ, ಸಂಶಯವಿಲ್ಲ.

ನವೆಂಬರ್ 23, ಭಾನುವಾರ

ಇವತ್ತು ಮೊದಲ ಹೂ ಬಿಚ್ಚಿತು. ನೋಡಿದೆ. ಪೂರ್ತಿ ನೋಡಿದೆ.

ಮೊಗ್ಗಿನ ಮೇಲಿನ ಹೊದಿಕೆ ನಿನ್ನೆ ಸೀಳಿತ್ತು. ಒಳಗೆ ನಾಲ್ಕು ಮೊಗ್ಗು ಒಂದಕ್ಕೊಂದು ಬೆನ್ನು ಕೊಟ್ಟು ನಿಂತಿದ್ದವು, ಮಡಿಚಿದ ಕೊಡೆಗಳ ಹಾಗೆ. ಬೆಳಿಗ್ಗೆ ತಿಂಡಿ ಮುಗಿಸಿ ಎದುರು ಕುಳಿತೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ನೋಡಿ ನೋಡಿ ಕಣ್ಣು ನೀರಾಡುತ್ತದೆ. ರೆಪ್ಪೆ ಮುಚ್ಚಿ ತೆರೆದರೆ ತುದಿ ಬಿಟ್ಟುಕೊಂಡಿದೆ. ಕಣ್ಣಿಗೆ ಕಾಣುವ ಚಲನೆ ಅಲ್ಲ, ಆದರೆ ಅಲ್ಲೇ ನಡೆಯುತ್ತಿದೆ. ದಳ ಹಿಂದಕ್ಕೆ ಸರಿಯಿತು, ಒಳಗಿನ ಕೆಂಪು ಹೊರಗಿನದಕ್ಕಿಂತ ಗಾಢ, ಮಖಮಲ್ಲಿನ ಹಾಗೆ, ಬುಡದಲ್ಲಿ ಹೆಚ್ಚುಕಡಿಮೆ ಕಪ್ಪು. ಮಧ್ಯಾಹ್ನದ ಹೊತ್ತಿಗೆ ಅಂಗೈಯಗಲ ಆಯಿತು. ಬೂದು ಕಿಟಕಿ, ಅದರಾಚೆ ಬೂದು ಹಿಮ, ಅದರಾಚೆ ಬೂದು ಕಾಡು, ಅದರ ಮುಂದೆ ಇದು. 

ಗುನ್ನೆಲ್ ಪಾಳಿ ಮುಗಿಸಿ ಬಂದಳು. ದಿನವಿಡೀ ಊರಿನ ಮುದುಕ ಮುದುಕಿಯರ ಮನೆಗಳಿಗೆ ಹೋಗಿ ಮೈ ತೊಳೆಸಿ, ಮಾತ್ರೆ ಕೊಟ್ಟು, ಸಾಕ್ಸು ಹಾಕಿ ಬರುತ್ತಾಳೆ. ದಣಿದಿದ್ದಳು. ಕೂರು ಎಂದು ಪಕ್ಕದ ಕುರ್ಚಿ ಎಳೆದೆ. ಎರಡನೆಯ ಮೊಗ್ಗು ಬಿಚ್ಚುವುದನ್ನು ಇಬ್ಬರೂ ನೋಡಿದೆವು. ಊಟಕ್ಕೆ ಏನೂ ಮಾಡಿರಲಿಲ್ಲ, ಬ್ರೆಡ್ಡು ತಿಂದೆವು. ಅವಳು ನನ್ನ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಿದ್ದಳು. ಹೊರಗಿಂದ ಬಂದವಳಲ್ಲವೇ, ಚಳಿಗೆ ಬೆರಳು ಸೆಟೆದಿರಬೇಕು.

ನವೆಂಬರ್ 30, ಮೊದಲ ಆಡ್ವೆಂಟ್

ಎಲ್ಲ ಕಿಟಕಿಗಳಲ್ಲೂ ನಕ್ಷತ್ರದ ದೀಪಗಳು ಹತ್ತಿವೆ. ಹೂ ಬಿಟ್ಟವು, ಇನ್ನೇನು ಬಿಡುವವು, ಎಲ್ಲ ಸೇರಿ ಕೊಡುವಷ್ಟಾದವು. ಪತ್ರಿಕೆ ಸುತ್ತಿ, ಅದರ ಮೇಲೆ ಹಳೆಯ ಕಂಬಳಿ ಸುತ್ತಿ, ಜಾರುಬಂಡಿಯ ಕುರ್ಚಿಯ ಮೇಲೆ ಕಟ್ಟಿದೆ. ಹಿಂದಿನ ಕಬ್ಬಿಣದ ಪಟ್ಟಿಯ ಮೇಲೆ ಒಂದು ಕಾಲಿಟ್ಟು, ಇನ್ನೊಂದರಿಂದ ನೆಲ ಒದ್ದು ಒದ್ದು ಹೋಗಬೇಕು. ಒಮ್ಮೆಗೆ ನಾಲ್ಕೈದು ಕುಂಡ, ಮತ್ತೆ ಮನೆಗೆ, ಮತ್ತೆ ಹೊರಗೆ. ಲಾರಿಯಲ್ಲಾದರೆ ಒಂದೇ ಸುತ್ತು.

ಗೇಟಿನ ಬಳಿ ಇಟ್ಟು ಬರೋಣವೆಂದರೆ ಹಾರ್ನ್ ಇಲ್ಲ. ತಿಳಿಸದೆ ಬಂದರೆ ಕಾಲು ಗಂಟೆಯಲ್ಲಿ ಹೂ ಸತ್ತುಹೋಗುತ್ತದೆ, ಅಂಥ ಚಳಿ. ಹಾಗಾಗಿ ಬಾಗಿಲು ತಟ್ಟಬೇಕಾಯಿತು.

ಎರ್ಲಾಂಡನ ಮನೆಯಲ್ಲಿ ನಡೆದದ್ದನ್ನು ಬರೆಯಲೇಬೇಕು. ಬಾಗಿಲು ತೆಗೆದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಯ್ಯಾ, ಲಾರಿ ಕಿತ್ಕೊಂಡ್ರೂ ಹೂವಿನ ಚಾಳಿ ಬಿಟ್ಟಿಲ್ವಾ?" ಅಂದ. ಕುಂಡ ಕೈಗೆ ಕೊಟ್ಟು ತಿರುಗಿದೆ. ಒಳಗೆ ಬಾ ಎಂದ. ಹಿತ್ತಲ ಕಡೆಯ ಕೋಣೆಯ ಬಾಗಿಲು ತಳ್ಳಿದ.

ಕೋಣೆ ತುಂಬ ಅಮರಿಲ್ಲಿಸ್. ನೆಲದ ಮೇಲೆ, ಹಲಗೆಗಳ ಮೇಲೆ, ಹಳೆಯ ಹೊಲಿಗೆ ಯಂತ್ರದ ಮೇಲೆ, ಡಬ್ಬಿಗಳಲ್ಲಿ, ಒಡೆದ ಬಕೆಟ್ಟುಗಳಲ್ಲಿ. ಹೂ ಒಂದೂ ಇಲ್ಲ, ಬರೀ ಉದ್ದುದ್ದ ಹಸಿರು ಎಲೆಗಳು ಒಂದರ ಮೇಲೊಂದು ಬಿದ್ದುಕೊಂಡು. ನಾನು ಕೊಟ್ಟವು. ಪ್ರತಿ ವರ್ಷದ್ದೂ. ಕೆಲವು ಗಡ್ಡೆ ಮರಿ ಹಾಕಿ ಮರಿಗಳೂ ದೊಡ್ಡವಾಗಿವೆ. 

"ಹೂ ಮುಗಿದ ಮೇಲೆ ಬಿಸಾಕೋಣ ಅಂತ್ಲೇ ಇದ್ದೆ" ಅಂದ ಎರ್ಲಾಂಡ್. "ಎತ್ಕೊಂಡ್ರೆ ಭಾರ ಇರುತ್ತಲ್ಲ, ಜೀವ ಇದ್ದಂಗೆ. ಮನಸ್ಸು ಬರ್ಲಿಲ್ಲ. ನಿನ್ನ ಮೇಲಿನ ಸಿಟ್ಟು ಬೇರೆ, ಅದು ಬೇರೆ."

ಮೇ ತಿಂಗಳಲ್ಲಿ ಹೂ ಬಿಡುತ್ತವಂತೆ, ಹೊರಗೆ ಎಲ್ಲ ಕರಗಿ ಯಾರಿಗೂ ಹೂ ಬೇಡವಾದಾಗ. ಆಗ ಅವನೊಬ್ಬನೇ ಕುರ್ಚಿ ಹಾಕಿಕೊಂಡು ಕೂರುತ್ತಾನಂತೆ.

ಮೂರು ಮನೆಗಳಲ್ಲಿ ಕಾಫಿ, ಎರಡರಲ್ಲಿ ಕೇಸರಿ ಬನ್ನು. ಹೊಟ್ಟೆ ಉಬ್ಬಿದೆ.

ಡಿಸೆಂಬರ್ 1

ಇವತ್ತು ರಸ್ತೆಯ ಕೊನೆಯ ಮನೆಗೆ ಹೋದೆ. ಇಸಾಕ್ ಮತ್ತು ರೋನ್ಯಾ ಅಲ್ಲಿಗೆ ಬಂದು ಎರಡು ವರ್ಷವಾಗಿರಬಹುದು. ಇಸಾಕ್‌ಗೆ ಕಬ್ಬಿಣದ ಗಣಿಯಲ್ಲಿ ಕೆಲಸ, ನೆಲದಡಿ ದೂರ ಇಳಿದರೆ ಪಾಳಿ ಮುಗಿಯುವವರೆಗೆ ಮೇಲೆ ಬರುವುದಿಲ್ಲ. ರೋನ್ಯಾ ತುಂಬು ಬಸುರಿ. ಜನವರಿಯಲ್ಲಿ ಹೆರಿಗೆಯಂತೆ, ಹೆರಿಗೆ ಆಸ್ಪತ್ರೆ ಒಂದೂವರೆ ಗಂಟೆಯ ದಾರಿ.

ಹೂವನ್ನು ಮೇಜಿನ ಮೇಲಿಟ್ಟು ಪತ್ರಿಕೆ ಬಿಚ್ಚಿದಾಗ ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಕೇಳಿದಳು, "ಹಿಮ ಜಾಸ್ತಿ ಇದ್ರೆ ನಮ್ಮ ಕಾರಿನ ಮುಂದೆ ನೀವು ಲಾರಿ ತಗೊಂಡು ಬರ್ತೀರಲ್ವಾ, ಆಲ್ಗೋತ್? ನೀವಿದ್ದೀರಿ ಅಂತ ನಾನು ಧೈರ್ಯವಾಗಿದೀನಿ."

ಅವಳಿಗೆ ಸುದ್ದಿ ತಿಳಿದಿಲ್ಲ. ಮನೆಯಿಂದ ಹೆಚ್ಚು ಹೊರಬರುವುದಿಲ್ಲ. ಹೇಳಿದೆ. ಮೂರ್ಛೆಯ ವಿಷಯ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಈಗ ಬೇರೆಯವರಿದ್ದಾರೆ ಎಂದೆ.

"ಅವರು ಚೆನ್ನಾಗಿ ಓಡಿಸ್ತಾರಾ?"

ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತಿದ್ದೆ, ಕಿವಿಗೆ ಬೀಳದವನ ಹಾಗೆ ಮಾಡಿದೆ.

ಡಿಸೆಂಬರ್ 3

ಬೆಳಿಗ್ಗೆ ರಸ್ತೆಯಲ್ಲಿ ನಿಂತು ಲಾರಿಗೆ ಕೈ ಅಡ್ಡ ಹಿಡಿದೆ. ಸಿಗ್ನೆ ನಿಲ್ಲಿಸಿದಳು. ಹತ್ತಿ ಪಕ್ಕದ ಸೀಟಿನಲ್ಲಿ ಕೂತೆ. ಆ ಸೀಟಿನಲ್ಲಿ ಜೀವನದಲ್ಲೇ ಕೂತಿರಲಿಲ್ಲ, ರಸ್ತೆ ಬೇರೆಯಾಗಿಯೇ ಕಾಣುತ್ತದೆ. "ಯಜಮಾನ್ರನ್ನ ಎಲ್ಲಿಗೆ ಬಿಡ್ಬೇಕು?" ಎಂದು ಕೇಳಿದಳು. ಕೊನೆಯವರೆಗೆ ಹೋಗು ಎಂದೆ.

ತಿರುವಿನಲ್ಲಿ ಅಲಗು ಕೆಳಗೇ ಇರಲಿ, ವೇಗ ಇಳಿಸು. ಸರೋವರದ ಪಕ್ಕ ಗಾಳಿ ಎಡಗಡೆಯಿಂದ, ಅಲ್ಲಿ ರಸ್ತೆಯಂಚಿಗೆ ನೆಟ್ಟ ಗುರುತಿನ ಕೋಲುಗಳನ್ನು ನಂಬಬೇಡ, ಗಾಳಿ ಅವನ್ನು ಬಗ್ಗಿಸಿರುತ್ತದೆ, ಕರೆಂಟು ಕಂಬ ನೋಡು. ಕಾಡಿನೊಳಗೆ ತೊಂದರೆಯಿಲ್ಲ. ಕಾಡು ಬಿಟ್ಟ ಮೇಲೆ ಜೌಗು, ಅದು ದೊಡ್ಡ ರಸ್ತೆಯವರೆಗೂ ಬಯಲು, ಕಂಬವೂ ಇಲ್ಲ. ಅಲ್ಲಿ ಏನನ್ನು ನೋಡಬೇಕು ಎಂದು ಕೇಳಿದಳು. ನೋಡುವುದಲ್ಲ, ಚಕ್ರದ ಕೆಳಗೆ ರಸ್ತೆ ನಡುವೆ ಉಬ್ಬಿದೆ, ಲಾರಿ ಯಾವ ಕಡೆ ವಾಲುತ್ತದೆ ಅನ್ನುವುದನ್ನು ಸೊಂಟದಲ್ಲಿ ತಿಳಿಯಬೇಕು ಎಂದೆ. ಅವಳು ಸೀಟಿನಲ್ಲಿ ಅಲುಗಾಡಿ ಕೂತು ಬಯಲು ದಾಟಿಸಿದಳು. ಆಮೇಲೆ, "ಹೌದಲ್ಲ" ಅಂದಳು.

ರಸ್ತೆ ಹಾಳಾಗಬಾರದು ಅನ್ನುವುದಕ್ಕಷ್ಟೇ ಹೇಳಿದ್ದು.

ಡಿಸೆಂಬರ್ 8

ಮತ್ತೆ ಸಿಗ್ನೆಯ ಜೊತೆ ಹೋಗಿದ್ದೆ. ನಮ್ಮ ಈ ಉತ್ತರದ ತುದಿಯಲ್ಲಿ ಸೂರ್ಯ ಈಗ ಹುಟ್ಟುವುದೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ದಕ್ಷಿಣದಲ್ಲಿ ಗುಲಾಬಿ ಗೆರೆಯೊಂದು ಎದ್ದು ಇಳಿಯುತ್ತದೆ, ಉಳಿದದ್ದೆಲ್ಲ ನೀಲಿ. ರಸ್ತೆಯುದ್ದಕ್ಕೂ ಮನೆಗಳ ಕಿಟಕಿಯಲ್ಲಿ, ದೀಪದ ಪಕ್ಕ, ನಮ್ಮ ಕೆಂಪು ಹೂಗಳು. ಒಂದಾದ ಮೇಲೊಂದು. ಸಿಗ್ನೆ ಲಾರಿ ನಿಧಾನ ಮಾಡಿದಳು. ಇದನ್ನು ಪ್ರತಿ ವರ್ಷ ನೋಡುತ್ತಿದ್ದಿರಾ ಎಂದು ಕೇಳಿದಳು. ನೋಡಿರಲಿಲ್ಲ. ಅಲಗಿನ ಮೇಲೆ ಕಣ್ಣಿಟ್ಟವನಿಗೆ ಕಿಟಕಿ ಎಲ್ಲಿ ಕಾಣುತ್ತದೆ.

ಡಿಸೆಂಬರ್ 13, ಲೂಸಿಯಾ ಹಬ್ಬ

ಶಾಲೆಯ ಮಕ್ಕಳು ಬಿಳಿ ಅಂಗಿ ಹಾಕಿ, ದೀಪ ಹಿಡಿದು ಹಾಡಿದರು. ರೋನ್ಯಾ ಬಂದಿದ್ದಳು, ಕೂರಲಾರಳು, ನಿಲ್ಲಲಾರಳು. ಸಿಗ್ನೆಯನ್ನು ಕರೆದು ಪರಿಚಯ ಮಾಡಿಸಿದೆ.

ಡಿಸೆಂಬರ್ 19

ನಿನ್ನೆ ಬರೆಯಲಾಗಲಿಲ್ಲ.  ಇವತ್ತು ಕ್ರಮವಾಗಿ ಬರೆಯುತ್ತೇನೆ, ಒಂದೂ ಬಿಟ್ಟುಹೋಗಬಾರದು.

ಮೊನ್ನೆಯಿಂದ ಬಿರುಗಾಳಿ. ನಿನ್ನೆ ತಿಂಡಿಯ ಹೊತ್ತಿಗೆ ರೋನ್ಯಾ ಫೋನ್ ಮಾಡಿದಳು, ನೋವು ಶುರುವಾಗಿದೆ, ಇಸಾಕ್ ಗಣಿಯೊಳಗಿದ್ದಾನೆ. ಹೆಲಿಕಾಪ್ಟರ್ ಹಾರುವುದಿಲ್ಲ. ಆಂಬುಲೆನ್ಸು ದೊಡ್ಡ ರಸ್ತೆ ಕೂಡುವ ಜಾಗದವರೆಗೆ ಬರುತ್ತದೆ, ಅಲ್ಲಿಂದೀಚೆಗೆ ನಮ್ಮ ರಸ್ತೆಗೆ ಇಳಿಯಲಾರದು. ಅಲ್ಲಿಯವರೆಗೆ ನಾವೇ ಕರೆತರಬೇಕು. ಸಿಗ್ನೆಗೆ ಫೋನ್ ಮಾಡಿದೆ. ಆಗಲೇ ಲಾರಿ ತಿರುಗಿಸಿದ್ದಳು, ರೋನ್ಯಾ ಅವಳಿಗೂ ಮಾಡಿದ್ದಳಂತೆ.

ಲಾರಿ ಮುಂದೆ, ಅದರ ಬಾಲಕ್ಕೆ ಅಂಟಿಕೊಂಡ ಹಾಗೆ ನಮ್ಮ ಕಾರು. ಕಾರನ್ನು ಗುನ್ನೆಲ್ ಓಡಿಸುತ್ತಿದ್ದಳು, ಹಿಂದಿನ ಸೀಟಿನಲ್ಲಿ ರೋನ್ಯಾ. ನಾನು ಲಾರಿಯಲ್ಲಿ. ಗಾಜಿನ ಮುಂದೆ ಏನೂ ಇಲ್ಲ, ಹಾಲಿನೊಳಗೆ ತಲೆ ಅದ್ದಿದ ಹಾಗೆ. ಸರೋವರದ ಪಕ್ಕ ನಾನು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದೆ, ಈಗ ಎಡಕ್ಕೆ, ಇನ್ನೂ ಸ್ವಲ್ಪ, ಈಗ ನೇರ. ಸಿಗ್ನೆ ಹಲ್ಲು ಕಚ್ಚಿ ಹಾಗೆಯೇ ಮಾಡಿದಳು. ಕಾಡು ಹೊಕ್ಕೆವು, ಗಾಳಿ ತಗ್ಗಿತು. ಅಲ್ಲಿ, ನಿಲ್ಲಿಸಿ ಎನ್ನುವ ಹಾಗೆ, ಕಾರಿನ ದೀಪ ಹತ್ತಿ ಆರಿ ಹತ್ತಿ ಆರಿತು.

ಇಳಿದು ಓಡಿದೆ. ಗುನ್ನೆಲ್ ಆಗಲೇ ಹಿಂದಿನ ಸೀಟಿನಲ್ಲಿದ್ದಳು, ಫೋನಿನಲ್ಲಿ ಆಸ್ಪತ್ರೆಯ ಸೂಲಗಿತ್ತಿಯ ದನಿ ಜೋರಾಗಿ ಬರುತ್ತಿತ್ತು. ಸಿಗ್ನೆ ಲಾರಿಯನ್ನು ಹಿಂದಕ್ಕೆ ತಂದು ಗಾಳಿಗೆ ಅಡ್ಡವಾಗಿ ನಿಲ್ಲಿಸಿದಳು. ನಾನು ನೋಡಬಾರದೆಂದು ಮುಖ ತಿರುಗಿಸಿ ನಿಂತೆ.

"ಆಲ್ಗೋತ್, ಟಾರ್ಚ್ ಹಿಡಿ" ಅಂದಳು ಗುನ್ನೆಲ್. "ಇಲ್ಲಿ. ಈ ಕಡೆ ನೋಡು."

ನೋಡಿದೆ. ತಲೆ ಬಂತು, ಕಪ್ಪು ಕೂದಲು ಒದ್ದೆಯಾಗಿ ಅಂಟಿಕೊಂಡು. ನಿಂತಿತು. ಗುನ್ನೆಲ್ ಏನೂ ಎಳೆಯಲಿಲ್ಲ, ಬರೀ ಕೈ ಕೊಟ್ಟಿದ್ದಳು. ಆಮೇಲೆ ಅದು ತಾನಾಗಿ ತಿರುಗಿತು, ಯಾರೋ ಒಳಗಿನಿಂದ ತಿರುಗಿಸಿದ ಹಾಗೆ, ಒಂದು ಭುಜ, ಇನ್ನೊಂದು ಭುಜ, ಇಡೀ ಮಗು ಜಾರಿ ಅವಳ ಅಂಗೈಗೆ ಬಂತು. ನೀಲಿ ಇತ್ತು. ಸದ್ದಿಲ್ಲ. ಸೂಲಗಿತ್ತಿ, ಬೆನ್ನುಜ್ಜಿ, ಗಟ್ಟಿಯಾಗಿ ಉಜ್ಜಿ ಅನ್ನುತ್ತಿದ್ದಳು. ಗುನ್ನೆಲ್ ತನ್ನ ಸ್ವೆಟರ್ ಕಳಚಿ ಅದರಿಂದ ಉಜ್ಜಿದಳು. ಟಾರ್ಚನ್ನು ಎರಡೂ ಕೈಯಿಂದ ಹಿಡಿದೆ. ನನ್ನ ಜೀವ ಬೇಕಾದರೆ ತಗೋ ಎಂದು ಯಾರಿಗೆ ಹೇಳಿದೆನೋ, ಹೇಳಿದೆ.

ಮಗು ಅತ್ತಿತು. ಬೆರಳ ತುದಿ ಬಿಟ್ಟು ಮೈಯೆಲ್ಲ, ನೋಡುತ್ತಿದ್ದ ಹಾಗೆ, ಎದೆಯಿಂದ ಶುರುವಾಗಿ ಕೆಂಪಾಯಿತು. ಹೆಣ್ಣು.

ಗುನ್ನೆಲ್ ಮಗುವನ್ನು ರೋನ್ಯಾಳ ಎದೆಯ ಮೇಲಿಟ್ಟು ಸುತ್ತ ಹೊದಿಸಿದಳು. ಬೆಚ್ಚಗಿಡಬೇಕು, ಬೇಗ ಆಂಬುಲೆನ್ಸಿಗೆ ಮುಟ್ಟಿಸಬೇಕು ಎಂದಳು ಸೂಲಗಿತ್ತಿ. ಕಾರಿಗಿಂತ ಲಾರಿಯ ಒಳಗು ಬೆಚ್ಚಗಿದೆ. ಆದರೆ ಅಲ್ಲಿರುವುದು ಮೂರೇ ಸೀಟು. ಸಿಗ್ನೆ, ಮಗುವಿನೊಂದಿಗೆ ರೋನ್ಯಾ, ಅವರನ್ನು ಹಿಡಿದುಕೊಳ್ಳಲು ಗುನ್ನೆಲ್. ಮುಂದೆ ಇರುವುದು ಜೌಗಿನ ಬಯಲು.

ಸಿಗ್ನೆ ನನ್ನ ತೋಳು ಹಿಡಿದಳು. "ನೀವಿಲ್ದೆ ನಾನು ಆ ಬಯಲು ದಾಟಲ್ಲ. ದಾಟಿಲ್ಲ ಇದುವರೆಗೂ, ಇಂಥ ಗಾಳೀಲಿ."

ಮೂವರನ್ನೂ ಹೇಗೋ ಒತ್ತಿ ನಾನೂ ತೂರಿಕೊಳ್ಳಬಹುದೇ ಎಂದು ಯೋಚಿಸಿದೆ. ಅಲ್ಲಿ ನನಗೆ ಮೂರ್ಛೆ ಬಂದು ಕೈಕಾಲು ಎಳೆದರೆ ಮಗುವಿನ ಮೇಲೆಯೇ ಬೀಳುತ್ತೇನೆ.

"ಸೊಂಟ ಹೇಳುತ್ತೆ" ಅಂದೆ. "ನಿಂಗೆ ಗೊತ್ತು ಆ ರಸ್ತೆ. ನಾನು ಪಕ್ಕದಲ್ಲಿದ್ರೂ ಬಾಯಿ ಮುಚ್ಕೊಂಡೇ ಕೂರ್ತಿದ್ದೆ."

ರೋನ್ಯಾಳನ್ನು ನಾವಿಬ್ಬರೂ ಎತ್ತಿ ಹತ್ತಿಸಿದೆವು. ಗುನ್ನೆಲ್ ನನ್ನ ಟೋಪಿಯನ್ನು ಕಿವಿಯವರೆಗೆ ಎಳೆದು ಹೋದಳು. ಲಾರಿಯ ಹಿಂದಿನ ಕೆಂಪು ದೀಪ ಕಾಡಿನಂಚಿನವರೆಗೆ ಕಂಡಿತು, ಬಯಲಿಗೆ ಇಳಿದೊಡನೆ ಇಲ್ಲವಾಯಿತು.

ಕಾರಿನಲ್ಲಿ ಕೂತೆ. ಕೀಲಿ ಅಲ್ಲೇ ಇತ್ತು, ಎಂಜಿನ್ ಓಡುತ್ತಿತ್ತು, ಅವರ ಹಿಂದೆ ಹೋಗಬಹುದಿತ್ತು. ಹೋಗಲಿಲ್ಲ. ಆಗಾಗ ಇಳಿದು ಹೊಗೆ ಕೊಳವೆಯ ಸುತ್ತ ಹಿಮ ತೆಗೆದೆ, ಮುಚ್ಚಿಕೊಂಡರೆ ಒಳಗೇ ಸತ್ತೇನು. ಭಯವಾಗಲಿಲ್ಲ ಎಂದರೆ ಸುಳ್ಳು. ಅವಳು ಬಯಲಿನ ಯಾವ ಭಾಗದಲ್ಲಿರಬಹುದು ಎಂದು ನನ್ನ ಸೊಂಟದಲ್ಲೇ ದಾಟುತ್ತ ಕೂತಿದ್ದೆ. ಎಷ್ಟು ಹೊತ್ತಾಯಿತೋ. ಗಾಳಿ ಒಮ್ಮೆಲೇ ನಿಂತಿತು. ಇಳಿದು ನಿಂತೆ. ಕಾಡೆಲ್ಲ ನೀಲಿ, ಒಂದೊಂದು ಮರದ ಮೇಲೂ ಹಿಮ ಹೆಗಲೇರಿ ಕೂತಿದೆ, ಎಲೆ ಉದುರಿದಷ್ಟು ಸದ್ದೂ ಇಲ್ಲ. ಈ ರಸ್ತೆಯಲ್ಲಿ ಲಾರಿಯ ಸದ್ದಿಲ್ಲದೆ ನಾನು ನಿಂತೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ಇಲ್ಲಿ ಇಲ್ಲದ ಒಬ್ಬಳು ಈಗ ಲೋಕದಲ್ಲಿ ಇದ್ದಾಳೆ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ, ಯಾಕೆಂದು ಗೊತ್ತಿಲ್ಲ.

ಲಾರಿ ವಾಪಸ್ಸು ಬಂತು. ಸಿಗ್ನೆ ಒಬ್ಬಳೇ ಇದ್ದಳು. ಇಳಿದು ಎದುರು ನಿಂತು, ಆಂಬುಲೆನ್ಸಿಗೆ ಕೊಟ್ಟೆ, ಮೂವರೂ ಹೋದರು, ಮಗು ಹಾಲು ಹೀರುತ್ತಿದೆ ಎಂದಳು. ಆಮೇಲೆ ನನ್ನ ಕೋಟಿಗೆ ಹಣೆಯಿಟ್ಟು ಅತ್ತಳು. ನಾನೂ.

ಡಿಸೆಂಬರ್ 24

ಕ್ರಿಸ್ಮಸ್ ಹಬ್ಬ. ಸಿಗ್ನೆಗೆ ಇಲ್ಲಿ ಯಾರೂ ಇಲ್ಲ, ಊಟಕ್ಕೆ ಕರೆದಿದ್ದೆವು. ಎರ್ಲಾಂಡನೂ ಬಂದ. ಅವರಿಬ್ಬರೂ ಹಿಮದ ಗುಡ್ಡದ ಬಗ್ಗೆ ಹಂದಿಮಾಂಸ ತಣ್ಣಗಾಗುವವರೆಗೆ ಜಗಳವಾಡಿದರು.

ಜನವರಿ 9

ರೋನ್ಯಾ ಮಗುವಿನೊಂದಿಗೆ ಮನೆಗೆ ಬಂದಿದ್ದಾಳೆ. ಮಗುವಿಗೆ ಸ್ವಲ್ಪ ಕಾಮಾಲೆ ಇತ್ತೆಂದು ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು, ಈಗ ಚೆನ್ನಾಗಿದೆ. ಹೆಸರು ತೀರ್ಮಾನವಾಗಿಲ್ಲ. ಗುನ್ನೆಲ್ ಮತ್ತು ನಾನು ಮಧ್ಯಾಹ್ನ ಹೋಗಿದ್ದೆವು.

ಹೆಂಗಸರು ಒಳಗೆ ಮಗುವಿನ ಜೊತೆ ಇದ್ದರು. ಇಸಾಕ್ ಅಡುಗೆಮನೆಯಲ್ಲಿ ನನಗೆ ಕಾಫಿ ಹಾಕಿಕೊಟ್ಟ. ದೊಡ್ಡ ಆಳು, ಮಾತು ಕಡಿಮೆ. ನನ್ನೆದುರು ಕೂತು ಲೋಟವನ್ನು ಸುತ್ತಿಸುತ್ತಿದ್ದ. ಹವಾಮಾನದ ಬಗ್ಗೆ ಏನೋ ಅಂದೆ. ಅವನು ಹೂಂ ಅಂದ. ಆಮೇಲೆ ತಲೆಯೆತ್ತದೆ ಹೇಳಿದ:

"ಅವತ್ತು ನಾನು ನೆಲದ ಕೆಳಗಿದ್ದೆ. ಮೇಲೆ ಬಂದಾಗ ಎಲ್ಲ ಮುಗಿದುಹೋಗಿತ್ತು. ರೋನ್ಯಾನ ಕೇಳಿದ್ರೆ ನೋವು ಬಿಟ್ಟು ಬೇರೇನೂ ನೆನಪಿಲ್ಲ ಅಂತಾಳೆ. ಗುನ್ನೆಲ್ ಕೈಯೇ ನೆನಪಂತೆ. ನೀವು ಟಾರ್ಚ್ ಹಿಡ್ಕೊಂಡಿದ್ರಂತಲ್ಲ."

ಹೌದು ಎಂದೆ.

"ಹೇಳ್ತೀರಾ? ಮೊದಲಿಂದ."

ಹೇಳಿದೆ. ಫೋನು ಬಂದದ್ದು, ಸರೋವರ, ಕಾಡು, ಕಾರಿನ ದೀಪ. ತಲೆ ಬಂದು ನಿಂತದ್ದು, ತಾನಾಗಿ ತಿರುಗಿದ್ದು. ನೀಲಿ ಇದ್ದದ್ದನ್ನೂ ಮುಚ್ಚಿಡಲಿಲ್ಲ. ಅಲ್ಲಿ ಅವನು ಲೋಟವನ್ನು ಗಟ್ಟಿಯಾಗಿ ಹಿಡಿದ. ಎದೆಯಿಂದ ಶುರುವಾಗಿ ಕೆಂಪಾದದ್ದನ್ನು ಹೇಳುವಾಗ ನನ್ನ ಎದೆಯ ಮೇಲೆ ಕೈಯಿಟ್ಟು ತೋರಿಸಿದೆ. ಗಾಳಿ ನಿಂತದ್ದು, ಕಾಡು ಹೇಗಿತ್ತು, ಟೋಪಿ ತೆಗೆದದ್ದು, ಎಲ್ಲ.

 ಮುಗಿದ ಮೇಲೆ ಅವನು ಕಾಫಿ ಬಿಸಿ ಮಾಡಲು ಎದ್ದ, ಮಾಡದೆ ಮತ್ತೆ ಕೂತ.

"ಇನ್ನೊಂದ್ಸಲ ಹೇಳಿ" ಅಂದ. "ತಲೆ ಬಂತಲ್ಲ, ಅಲ್ಲಿಂದ."

ಮತ್ತೆ ಹೇಳಿದೆ. ಈ ಸಲ ಕೂದಲು ಎಷ್ಟಿತ್ತು, ಯಾವ ಭುಜ ಮೊದಲು ಬಂತು, ಕೈ ಮುಷ್ಟಿ ಕಟ್ಟಿತ್ತೋ ಬಿಚ್ಚಿತ್ತೋ ಎಂದು ನಡುನಡುವೆ ಕೇಳಿದ. ಬಿಚ್ಚಿತ್ತು. ಐದೂ ಬೆರಳು ಅಗಲವಾಗಿ.

ವಾಪಸ್ಸು ಬರುವಾಗ ಕಾರಿನಲ್ಲಿ ಗುನ್ನೆಲ್, ಇಷ್ಟೊಂದು ಮಾತನ್ನು ಇಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದೆ ಎಂದು ಕೇಳಿದಳು. ಒಳಗಿನ ಕೋಣೆಗೂ ಕೇಳಿಸುತ್ತಿತ್ತಂತೆ. ನಾನು ಅಂಥದ್ದೇನೂ ಮಾತಾಡಿಲ್ಲ. ಆ ಹುಡುಗ ಕೇಳಿದ, ಆಗಿದ್ದನ್ನು ಹೇಳಿದೆ ಅಷ್ಟೆ. ನಾಳೆ ಮತ್ತೆ ಬನ್ನಿ ಅಂದಿದ್ದಾನೆ, ಅವನ ಅಮ್ಮ ದಕ್ಷಿಣದಿಂದ ಬರುತ್ತಿದ್ದಾಳೆ, ಅವಳೂ ಕೇಳಬೇಕಂತೆ.